ಡೇಟಾಬೇಸ್ ದರ್ಪಣದ ತಪ್ಪು-ಒಪ್ಪು ಪಟ್ಟಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ಗುರುಸಿದ್ಧ ಮುದ್ರಣಾಲಯದಲ್ಲಿ ಮರಿಯಣ್ಣ ಇಪ್ಪತ್ತೇಳು ವರ್ಷ ಅಚ್ಚಿನ ಮೊಳೆ ಜೋಡಿಸಿದ್ದ. ಮಾಲೀಕ ಕರಿಬಸವಯ್ಯನವರು ಆ ಮೊಳೆಗಳನ್ನೆಲ್ಲ ಗುಜರಿಗೆ ತೂಗಿಸಿ ಅವನಿಗೊಂದು ಕಂಪ್ಯೂಟರ್ ತಂದುಕೊಟ್ಟಾಗ ಅವನು ಐವತ್ತರ ಹತ್ತಿರ ಬಂದಿದ್ದ. ಮೂರು ತಿಂಗಳು ಕೀಲಿಮಣೆಯ ಮುಂದೆ ಬೆವರಿದ, ಆಮೇಲೆ ಒಗ್ಗಿಕೊಂಡ. ಕೈ ಬದಲಾಯಿತೇ ಹೊರತು ಕಣ್ಣು ಹಳೆಯದೇ ಉಳಿಯಿತು. ಮದುವೆ ಕಾಗದವಿರಲಿ, ತಿಥಿ ಕಾಗದವಿರಲಿ, ತೆರೆದ ಕಂಸವೊಂದು ಮುಚ್ಚದೆ ನಿಂತಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬರೆದವರ ಮಾತನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ಯಾವನೋ ಪುಢಾರಿಯನ್ನು ‘ಕಲಿಯುಗದ ಕರ್ಣ’ ಎಂದು ಬರೆದುಕೊಟ್ಟರೆ ಕರ್ಣ ಎಂದೇ ಜೋಡಿಸಿ, ಎರಡೂ ಬದಿಗೆ ಉದ್ಧರಣ ಚಿಹ್ನೆ ಇದೆಯೇ ಎಂದಷ್ಟೇ ನೋಡುತ್ತಿದ್ದ.

ಎರಡು ಸಾವಿರದ ಒಂದನೇ ಇಸವಿಯ ಶ್ರಾವಣದಲ್ಲಿ ಅವನ ಮೇಜಿಗೆ ‘ಡೇಟಾಬೇಸ್ ದರ್ಪಣ’ ಬಂತು. ಬರೆದವರು ಸ್ಟೇಷನ್ ರಸ್ತೆಯ ವಿಶ್ವದೀಪ ಕಂಪ್ಯೂಟರ್ ವಿದ್ಯಾಕೇಂದ್ರದ ಡೈರೆಕ್ಟರ್ ಚಿದಂಬರ ಅವರು. ಕೊಬ್ಬರಿ ಮಂಡಿಯ ಮನೆತನದವರು. ಬೆಂಗಳೂರಿನಲ್ಲಿ ಆರು ತಿಂಗಳು ಕೋರ್ಸ್ ಮಾಡಿ, ಹಿಂತಿರುಗಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಏಳು ಕಂಪ್ಯೂಟರ್ ಇಟ್ಟಿದ್ದರು. ಅದರಲ್ಲಿ ಐದು ನಡೆಯುತ್ತಿದ್ದವು. ಆರನೆಯದು ಆಗಾಗ ನಡೆಯುತ್ತಿತ್ತು. ಏಳನೆಯದು ಡೈರೆಕ್ಟರರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡಿರುತ್ತಿತ್ತು, ಅದನ್ನು ತೆರೆದದ್ದು ಕಂಡವರಿಲ್ಲ. ಹೆಸರು, ಊರು, ವಯಸ್ಸು ಮುಂತಾದ ವಿವರಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಟ್ಟು, ಬೇಕಾದಾಗ ಬೇಕಾದದ್ದನ್ನು ಕೇಳಿ ಪಡೆಯುವ ವಿದ್ಯೆಯನ್ನು ಕನ್ನಡದಲ್ಲಿ ವಿವರಿಸಿದ ಪುಸ್ತಕ ಇದುವರೆಗೆ ತಾಲ್ಲೂಕಿನಲ್ಲಿ ಬಂದಿಲ್ಲ ಎಂದು ಅವರೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದರು. ಒಟ್ಟು ನೂರ ಹನ್ನೆರಡು ಉದಾಹರಣೆಗಳಿದ್ದವು.

ಮರಿಯಣ್ಣ ಒಂಬತ್ತನೇ ಪುಟಕ್ಕೇ ನಿಂತುಬಿಟ್ಟ. ಉದಾಹರಣೆ ಹೀಗಿತ್ತು:

SELECT HESARU FROM GRAHAKARU WHERE OORU = 'JAVAGAL;

ಜಾವಗಲ್ಲಿನ ಎಡಕ್ಕೆ ಉದ್ಧರಣ ಚಿಹ್ನೆ ಇದೆ, ಬಲಕ್ಕೆ ಇಲ್ಲ. ಹನ್ನೊಂದನೇ ಪುಟದಲ್ಲಿ ಇದೇ ತರಹದ ಸಾಲಿಗೆ ಎರಡೂ ಕಡೆ ಇದೆ. ಹದಿನಾಲ್ಕರಲ್ಲಿ ಮೂರು ಕಂಸ ತೆರೆದು ಎರಡು ಮುಚ್ಚಿದ್ದಾರೆ. ಹತ್ತೊಂಬತ್ತರಲ್ಲಿ FROM ಇರಬೇಕಾದ ಜಾಗದಲ್ಲಿ FORM ಇದೆ. ಅರ್ಜಿ ಫಾರಂಗಳನ್ನು ಸಾವಿರಗಟ್ಟಲೆ ಜೋಡಿಸಿದ್ದ ಮರಿಯಣ್ಣನಿಗೆ ಇಂಗ್ಲಿಷಿನಲ್ಲಿ ಆ ಒಂದು ಪದವಾದರೂ ಚೆನ್ನಾಗಿ ಗೊತ್ತಿತ್ತು. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದ. ನಲವತ್ತು ಪುಟ ಆಗುವಷ್ಟರಲ್ಲಿ ಪೆನ್ಸಿಲ್ ಎರಡು ಸಲ ಚೂಪು ಮಾಡಬೇಕಾಯಿತು.

ಮಾರನೆಯ ದಿನ ಚಿದಂಬರ ಅವರು ಬಂದಾಗ ಹಾಳೆಗಳನ್ನು ಮುಂದಿಟ್ಟ.

“ಸಾರ್, ಇಲ್ಲೆಲ್ಲ ಒಂದೊಂದು ಕೊಂಡಿ ಬಿಟ್ಟೋಗೈತೆ. ನೋಡ್ಕೊಟ್ರೆ ಹಾಕ್ತೀನಿ.”

ಅವರು ಹಾಳೆಯ ಕಡೆ ನೋಡಲಿಲ್ಲ, ಅವನ ಕಡೆ ನೋಡಿ ನಕ್ಕರು. “ರೀ ಮರಿಯಣ್ಣ, ಇದು ಲಗ್ನಪತ್ರಿಕೆ ಅಲ್ಲ. ಕಂಪ್ಯೂಟರ್ ಭಾಷೆ. ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು ಅಂತ ಅದಕ್ಕೇ ಒಂದು ಲೆಕ್ಕಾಚಾರ ಇರುತ್ತೆ. ನಾನು ಬರ್ದಿರೋ ಹಂಗೆ ಹೊಡೀರಿ. ಆಮೇಲೆ ಮುನ್ನುಡಿ ಎಲ್ಲಿ, ಕೊಡಿ.”

ಮುನ್ನುಡಿಯನ್ನು ಅವರು ಆರು ಸಲ ತಿದ್ದಿದರು. ‘ಅಲ್ಪಮತಿಯಾದ ನಾನು’ ಎಂದಿದ್ದನ್ನು ಮೊದಲು ‘ಕಿರಿಯನಾದ ನಾನು’ ಎಂದು ಮಾಡಿದರು, ನಂತರ ‘ಸಾಧಕನಾದ ನಾನು’ ಎಂದರು, ಕೊನೆಗೆ ‘ನಾವು’ ಎಂದು ನಿಲ್ಲಿಸಿದರು. ಹಿಂಬದಿಯ ರಕ್ಷಾಪುಟಕ್ಕೆ ನಾಲ್ಕು ಫೋಟೋ ತಂದು, ನಾಲ್ಕರಲ್ಲೂ ಕಿವಿ ದೊಡ್ಡದು ಕಾಣುತ್ತದೆಂದು ವಾಪಸು ಒಯ್ದು ಐದನೆಯದನ್ನು ತಂದರು. ಉದಾಹರಣೆಗಳ ಪುಟ ತೆರೆದವರೇ ಅಲ್ಲ.

ಮನೆಯಲ್ಲಿ ಹನುಮಕ್ಕ ಗಂಡ ತಟ್ಟೆಯ ಮುಂದೆ ಸುಮ್ಮನೆ ಕೂತದ್ದು ನೋಡಿ, “ಆ ಯಪ್ಪ ಬರ್ದಂಗೆ ಹಾಕುದ್ರೆ ನಿಂಗೇನು ಹೋಗದು?” ಎಂದಳು.

“ನಂಗೇನೂ ಹೋಗಲ್ಲ ಕಣೆ. ಅದನ್ನ ನೋಡ್ಕೊಂಡು ಕಲಿಯೋರು ಇದಾರಲ್ಲ.”

“ಹಂಗಾರೆ ಕಲಿಯೋರ್ನೇ ಹೋಗಿ ಕೇಳು. ಮೊದ್ಲು ಮುದ್ದೆ ಮುರಿ.”

ಕೇಳಲು ಹೋದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೊಬ್ಬರದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ನೋಡಿದರೆ ಪಾಠ ಹೇಳುವ ಮೇಘಶ್ರೀ ಒಬ್ಬಳೇ ಇದ್ದಳು. ಹಾಸನದಲ್ಲಿ ಡಿಪ್ಲೊಮಾ ಮಾಡಿದ ಇಪ್ಪತ್ತಮೂರರ ಹುಡುಗಿ, ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಮರಿಯಣ್ಣ ತಂದ ಹಾಳೆಗಳನ್ನು ಅವಳು ಒಂದೊಂದಾಗಿ ತಿರುವಿದಳು. ಮೊದಲು ಅವಳ ಮುಖದಲ್ಲಿ ಆಶ್ಚರ್ಯವಿತ್ತು, ಆಮೇಲೆ ನಗು ಬಂತು, ಆಮೇಲೆ ಅದೂ ಹೋಯಿತು.

“ಇದನ್ನೆಲ್ಲ ನೀವೇ ಕಂಡುಹಿಡಿದ್ರಾ? ನಿಮಗೆ ಈ ಭಾಷೆ ಬರುತ್ತಾ?”

“ಇಲ್ಲ ಕಣವ್ವ. ತೆಗೆದ ಬಾಗ್ಲು ಹಾಕಿಲ್ಲ ಅನ್ನೋದು ಗೊತ್ತಾಗಕ್ಕೆ ಭಾಷೆ ಯಾಕೆ ಬೇಕು?”

ಅವಳು ಜಾವಗಲ್ಲಿನ ಸಾಲನ್ನು ಇದ್ದ ಹಾಗೇ ಕಂಪ್ಯೂಟರಿಗೆ ಹಾಕಿ ತೋರಿಸಿದಳು. ಪರದೆ ಒಂದು ಸಾಲು ಬೈಗುಳ ಕೊಟ್ಟು ಸುಮ್ಮನಾಯಿತು. ಚಿಹ್ನೆ ಸೇರಿಸಿ ಹಾಕಿದಳು. ಜಾವಗಲ್ಲಿನ ಮೂವರು ಗಿರಾಕಿಗಳ ಹೆಸರು ಒಂದರ ಕೆಳಗೊಂದು ಸಾಲಾಗಿ ಬಂದು ನಿಂತವು. ಮರಿಯಣ್ಣನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಅವನು ಹಾಕಿದ ಅಲ್ಪವಿರಾಮಗಳನ್ನು ಯಾರೂ ಗಮನಿಸಿದ್ದಿಲ್ಲ. ಇಲ್ಲೊಂದು ಯಂತ್ರ ಅದೊಂದೇ ಚಿಹ್ನೆಗಾಗಿ ಹಟ ಹಿಡಿದು ಕಾದು ಕೂತಿತ್ತು.

“ನಾನೂ ಒಂದ್ಸಲ ಡೈರೆಕ್ಟರ್‌ಗೆ ತಪ್ಪುಗಳ ಪಟ್ಟಿ ಮಾಡಿಕೊಟ್ಟಿದ್ದೆ,” ಎಂದಳು ಮೇಘಶ್ರೀ. “ಡಿಪ್ಲೊಮಾದಲ್ಲಿ ಎಷ್ಟು ಪರ್ಸೆಂಟ್ ಬಂದಿತ್ತು ಅಂತ ಕೇಳಿದ್ರು. ಕ್ಲಾಸಲ್ಲಿ ಉದಾಹರಣೆ ನಡೀದೆ ಇದ್ರೆ ಕರೆಂಟು ಏರಿಳಿತ ಅಂತಾರೆ. ಕರೆಂಟು ಸರಿಯಿದ್ದ ದಿನ ವೈರಸ್ ಅಂತಾರೆ.”

ಅಂದಿನಿಂದ ಮೂರು ವಾರ ಮರಿಯಣ್ಣನ ಊಟದ ಬಿಡುವು ಆ ಮಹಡಿಯ ಮೇಲೆಯೇ ಕಳೆಯಿತು. ಅವನು ಓದುವುದು, ಅವಳು ಕಂಪ್ಯೂಟರಿಗೆ ಹಾಕುವುದು. ನಡೆದರೆ ಸರಿ ಗುರುತು, ಇಲ್ಲದಿದ್ದರೆ ಇಬ್ಬರೂ ಸೇರಿ ಹುಡುಕುವುದು. ಅವನ ಕಣ್ಣಿಗೆ ಬೀಳದ ತಪ್ಪುಗಳೂ ಇದ್ದವು. ಐದು ಅಂಕಣದ ಪಟ್ಟಿಗೆ ನಾಲ್ಕೇ ವಿವರ ತುಂಬಿದ್ದರು, ಮೊದಲು ಬರಬೇಕಾದ ಪದವನ್ನು ಕೊನೆಗೆ ಹಾಕಿದ್ದರು. ಎಲ್ಲ ಮುಗಿದಾಗ ನೂರ ಹನ್ನೆರಡರಲ್ಲಿ ಅರವತ್ತೊಂದು ಕೆಟ್ಟಿದ್ದವು. ಅರವತ್ತೊಂದನ್ನೂ ತಿದ್ದಿದರು. ಡೈರೆಕ್ಟರರಿಗೆ ಹೇಳಬಾರದೆಂದು ಮೇಘಶ್ರೀ ಕೇಳಿಕೊಂಡಳು, ಹೇಳುವ ಆಸೆ ಮರಿಯಣ್ಣನಿಗೂ ಇರಲಿಲ್ಲ. ಗಿರಾಕಿ ಬರೆದದ್ದನ್ನು ಕೇಳದೆ ತಿದ್ದಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಕಳ್ಳತನ ಮಾಡಿದ ಹಾಗೂ ಅನ್ನಿಸಿತು, ದೇವಸ್ಥಾನಕ್ಕೆ ಹೋಗಿಬಂದ ಹಾಗೂ ಅನ್ನಿಸಿತು.

ಕೊನೆಯ ಪ್ರೂಫ್ ನೋಡಲು ಬಂದ ಚಿದಂಬರ ಅವರು ಹಿಂಬದಿಯ ಕಿವಿಯನ್ನು ಪರೀಕ್ಷಿಸಿ, ಮುನ್ನುಡಿಯನ್ನು ಗಟ್ಟಿಯಾಗಿ ಓದಿ, ಅಚ್ಚಿಗೆ ಸಹಿ ಹಾಕಿದರು.

ರಾಜ್ಯೋತ್ಸವದ ವಾರ ಪುಸ್ತಕ ಬಿಡುಗಡೆಯಾಯಿತು. ನಾಲ್ವರು ಭಾಷಣ ಮಾಡಿದರು. ಪುಸ್ತಕವನ್ನು ಓದಿಲ್ಲವೆಂದು ಒಬ್ಬರು ಒಪ್ಪಿಕೊಂಡರು, ಉಳಿದ ಮೂವರು ಹೊಗಳಿದರು. ಆ ತಿಂಗಳು ವಿದ್ಯಾಕೇಂದ್ರದಲ್ಲಿ ವಿಚಿತ್ರ ಶಾಂತಿ ನೆಲೆಸಿತು. ಮಕ್ಕಳು ಪುಸ್ತಕ ನೋಡಿ ಹಾಕಿದ್ದೆಲ್ಲ ನಡೆಯಿತು. ಹೊಸ ಸ್ಟೆಬಿಲೈಸರ್ ಹಾಕಿಸಿದ ಮೇಲೆ ಹೇಗಾಯಿತು ನೋಡಿ ಎಂದು ಡೈರೆಕ್ಟರರು ಬಂದವರಿಗೆಲ್ಲ ಅದನ್ನು ತೋರಿಸಿದರು.

ಕೆಡಿಸಿದ್ದು ರಾಣಿ ಎಂಬ ವಿದ್ಯಾರ್ಥಿನಿ. ಒಂದು ದಿನ ಡೈರೆಕ್ಟರರೇ ಪಾಠಕ್ಕೆ ನಿಂತು, ತಮ್ಮ ಹಸ್ತಪ್ರತಿ ನೋಡಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಅವಳು ಎದ್ದಳು. “ಸಾರ್, ಪುಸ್ತಕದಲ್ಲಿ ಕಂಸ ಮುಚ್ಚಿದೆ. ನೀವು ಮುಚ್ಚಿಲ್ಲ. ಯಾವ್ದು ಬರ್ಕೊಳ್ಳೋದು?”

ಚಿದಂಬರ ಅವರು ಆ ಸಂಜೆ ತಮ್ಮ ಹಸ್ತಪ್ರತಿಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತರು. ಅವರ ಬದುಕಿನಲ್ಲಿ ಅಷ್ಟು ಶ್ರದ್ಧೆಯ ಕೆಲಸವನ್ನು ಹಿಂದೆ ಮಾಡಿರಲಿಲ್ಲ. ಅರವತ್ತೊಂದು ವ್ಯತ್ಯಾಸಗಳನ್ನೂ, ಒಂದನ್ನೂ ಬಿಡದೆ, ಹುಡುಕಿ ತೆಗೆದರು. ಯಾವುದನ್ನೂ ಕಂಪ್ಯೂಟರಿಗೆ ಹಾಕಿ ನೋಡುವ ಯೋಚನೆ ಮಾತ್ರ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪ್ರೆಸ್ಸಿನಲ್ಲಿ ಅವರ ದನಿ ರಸ್ತೆಗೆ ಕೇಳುತ್ತಿತ್ತು. “ಕರಿಬಸವಯ್ಯನೋರೆ, ಅರವತ್ತೊಂದು ತಪ್ಪು. ನನ್ನ ಮರ್ಯಾದೆ ಏನಾಗ್ಬೇಕು?”

ಕರಿಬಸವಯ್ಯನವರು ಮಂಡಿ ಮನೆತನದ ಗಿರಾಕಿಯನ್ನು ಕಳೆದುಕೊಳ್ಳುವ ಆಸಾಮಿಯಲ್ಲ. “ಏನ್ಲಾ ಮರಿಯಣ್ಣ ಇದು?” ಎಂದರು.

“ಬುದ್ದಿ, ಹಾಕಿ ನೋಡುದ್ರೆ ಗೊತ್ತಾಯ್ತದೆ. ಅಚ್ಚಾಗಿರೋದು ನಡೀತದೆ, ಬರ್ಕೊಟ್ಟಿದ್ದು ನಡಿಯಲ್ಲ.”

“ನಡಿಯೋದು ಬಿಡೋದು ಹೇಳೋಕೆ ನೀವು ಯಾರ್ರೀ?” ಎಂದರು ಚಿದಂಬರ ಅವರು. “ಒಂದು ತಪ್ಪು-ಒಪ್ಪು ಪಟ್ಟಿ ಹೊಡೀರಿ. ಎಡಗಡೆ ತಪ್ಪು, ಅಚ್ಚಾಗಿರೋದು. ಬಲಗಡೆ ಒಪ್ಪು, ನಾನು ಬರ್ದಿದ್ದು. ಮೇಲ್ಗಡೆ ‘ಅಕ್ಷರ ಜೋಡಿಸಿದ ಮರಿಯಣ್ಣ ಇವರ ಅಚಾತುರ್ಯದಿಂದ ಆದ ಪ್ರಮಾದಗಳು’ ಅಂತ ದಪ್ಪಕ್ಷರ.”

ಮರಿಯಣ್ಣ ಬಿಳಿ ಹಾಳೆಯೊಂದನ್ನು ಅವರ ಮುಂದಿಟ್ಟ. “ಹಾಕ್ತೀನಿ ಸಾರ್. ಒಂದು ಸಾಲು ನೀವೂ ಬರ್ದುಕೊಡಿ. ‘ಒಪ್ಪು ಎಂಬ ತಲೆಬರಹದ ಕೆಳಗಿರುವುದೆಲ್ಲ ನನ್ನದೇ, ಒಂದು ಚುಕ್ಕಿಯೂ ಬೇರೆಯವರದಲ್ಲ’ ಅಂತ. ಕೆಳಗೆ ನಿಮ್ಮ ರುಜು. ಇಲ್ದಿದ್ರೆ ಇದನ್ನೂ ನಾನೇ ಮಾಡ್ದೆ ಅಂತಾರೆ ಜನ.”

ಆ ಮಾತು ಚಿದಂಬರ ಅವರಿಗೆ ತುಂಬ ಹಿಡಿಸಿತು. ಎಡ ಯಾವುದು, ಬಲ ಯಾವುದು ಎಂಬುದನ್ನೂ ಆ ಸಾಲನ್ನೂ ಒಂದೇ ಹಾಳೆಯಲ್ಲಿ ಬರೆದು, ರುಜು ಹಾಕಿ, ಬಿ.ಕಾಂ. ಎಂದೂ ಸೇರಿಸಿದರು.

ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಜೋಡಿಸುವಾಗ ಮರಿಯಣ್ಣನ ಕಿವಿ ಸುಡುತ್ತಿತ್ತು. ಅಚ್ಚಿನಲ್ಲಿ ಅವನ ಹೆಸರು ಅದುವರೆಗೆ ಬಂದದ್ದು ಒಂದೇ ಸಲ, ಅವನದೇ ಮದುವೆ ಕಾಗದದಲ್ಲಿ. ಅರವತ್ತೊಂದು ಸರಿಯನ್ನು ತಪ್ಪಿನ ಅಂಕಣದಲ್ಲಿಯೂ ಅರವತ್ತೊಂದು ತಪ್ಪನ್ನು ಒಪ್ಪಿನ ಅಂಕಣದಲ್ಲಿಯೂ ಇದ್ದದ್ದು ಇದ್ದ ಹಾಗೆ ಜೋಡಿಸಿದ. ಆ ಹಾಳೆಯಲ್ಲಿ ಒಂದೂ ಅಚ್ಚಿನ ದೋಷವಿರಲಿಲ್ಲ.

ಪಟ್ಟಿ ಕೈಗೆ ಬಂದ ದಿನ ಮೇಘಶ್ರೀ ನೇರ ಡೈರೆಕ್ಟರರ ಕೋಣೆಗೆ ಹೋಗಿ, ತಿದ್ದಿದವರಲ್ಲಿ ತಾನೂ ಒಬ್ಬಳೆಂದು ಹೇಳಿದಳು. ಅವರನ್ನು ಕರೆದುಕೊಂಡು ಬಂದು ಒಂದು ಕಂಪ್ಯೂಟರಿನಲ್ಲಿ ಎರಡೂ ಬಗೆಯಲ್ಲಿ ಹಾಕಿ ತೋರಿಸಿದಳು. ಅಚ್ಚಾದದ್ದು ನಡೆಯಿತು, ಒಪ್ಪಿನದು ನಡೆಯಲಿಲ್ಲ. ಚಿದಂಬರ ಅವರು ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

“ನೀನು ದಿನಾ ತಪ್ಪು ಹಾಕಿ ಹಾಕಿ, ಮೆಷಿನ್‌ಗೂ ಅದೇ ಅಭ್ಯಾಸ ಆಗೋಗಿದೆ,” ಎಂದರು. ನಾಳೆಯಿಂದ ಬರುವುದು ಬೇಡ ಎಂದೂ ಹೇಳಿದರು.

ಮೇಘಶ್ರೀ ಹೋಗುವ ಮುನ್ನ ಪ್ರೆಸ್ಸಿಗೆ ಬಂದು ವಿಷಯ ತಿಳಿಸಿದಳು. ಮರಿಯಣ್ಣನಿಗೆ ಸಿಟ್ಟು ಬಂತು. “ನಾನೊಬ್ಬ ಬೈಸ್ಕೊಂಡಿದ್ರೆ ಸಾಕಾಗಿತ್ತಲ್ಲವ್ವ. ನೀನ್ಯಾಕೆ ಹೋಗಿ ಹೇಳ್ದೆ?”

“ನಿಮ್ಮ ಹೆಸರು ಅಷ್ಟು ದಪ್ಪಗೆ ಕಾಣ್ತಿತ್ತು. ಸುಮ್ನಿರೋಕೆ ಆಗ್ಲಿಲ್ಲ,” ಎಂದಳು ಅವಳು. ಜಾವಗಲ್ಲಿನಲ್ಲಿ ಅವಳ ಮಾವನ ಬಟ್ಟೆ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿಯಿತ್ತು. ಎರಡು ಹಳೆಯ ಕಂಪ್ಯೂಟರ್ ಹಾಕಿಕೊಂಡು ಅಲ್ಲಿಯೇ ಪಾಠ ಶುರುಮಾಡಿದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು. ಸರ್ಟಿಫಿಕೇಟ್ ಕೊಡುವ ಸಂಸ್ಥೆಯಿಂದ ಏಕಾಂತಯ್ಯ ಎಂಬ ಪರೀಕ್ಷಕರು ಬಂದರು. ಹೇಳಿದ ಮಾತು ಕೇಳುವ ಮಕ್ಕಳು ಪಟ್ಟಿಯನ್ನು ಪುಸ್ತಕಕ್ಕೆ ಅಂಟಿಸಿ, ಬಾಯಿಪಾಠ ಮಾಡಿ ಬಂದಿದ್ದರು. ಪರೀಕ್ಷೆಗೆ ಬಂದದ್ದೆಲ್ಲ ಪಟ್ಟಿಯಲ್ಲಿದ್ದ ಸಾಲುಗಳೇ, ಅವರು ಹಾಕಿದ್ದು ಒಂದೂ ನಡೆಯಲಿಲ್ಲ. ಪಟ್ಟಿಯನ್ನು ಎಲ್ಲೋ ಕಳೆದುಕೊಂಡಿದ್ದ ಎಂಟು ಸೋಮಾರಿಗಳು ಹತ್ತೇ ನಿಮಿಷದಲ್ಲಿ ಮುಗಿಸಿ, ಹೊರಗೆ ಕಬ್ಬಿನ ಹಾಲು ಕುಡಿಯಲು ಹೋದರು. ಏಕಾಂತಯ್ಯನವರು ಒಂದು ಪುಸ್ತಕ ತರಿಸಿ ಪಟ್ಟಿಯನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

“ಈ ಮರಿಯಣ್ಣ ಅನ್ನೋರು ಯಾರು? ಕರೆಸಿ.”

ಮರಿಯಣ್ಣ ಬಂದು ನಿಂತ. ಅಂಗಿಯ ಜೇಬಿನಲ್ಲಿ ಚಿದಂಬರ ಅವರು ರುಜು ಹಾಕಿದ ಮೂಲ ಹಾಳೆಯಿತ್ತು. ಏಕಾಂತಯ್ಯನವರು ಅವನನ್ನು ಮಾತಾಡಿಸುವ ಮೊದಲೇ ಚಿದಂಬರ ಅವರಿಗೆ ಒಂದು ಹೊಳೆಯಿತು. ಅಂಥ ಹೊಳಹು ಅವರಿಗೆ ಇಡೀ ಪುಸ್ತಕ ಬರೆಯುವಾಗ ಒಂದು ಸಲವೂ ಬಂದಿರಲಿಲ್ಲ.

“ನೋಡಿ ಸಾರ್, ಎಂಥಾ ಅನಾಹುತ. ತಲೆಬರಹ ಅದಲುಬದಲು ಆಗ್ಬಿಟ್ಟಿದೆ. ತಪ್ಪು ಅಂತಿರೋ ಕಡೆ ಒಪ್ಪು ಬರ್ಬೇಕಿತ್ತು, ಒಪ್ಪು ಇರೋ ಕಡೆ ತಪ್ಪು. ಈ ಮರಿಯಣ್ಣನಿಂದ ನನಗೆ ಸಾಕಾಗಿದೆ.”

ಏಕಾಂತಯ್ಯನವರು ಪಟ್ಟಿ ನೋಡಿದರು, ತಲೆಬರಹ ಬದಲಿಸಿದರೆ ಎಲ್ಲವೂ ಸರಿಯಾಗಿ ಕೂತುಕೊಳ್ಳುತ್ತಿತ್ತು. ಕೆಳಗಿನ ಸಾಲನ್ನೂ ಓದಿದರು: ಒಪ್ಪು ಎಂಬ ತಲೆಬರಹದ ಕೆಳಗಿರುವುದೆಲ್ಲ ನನ್ನದೇ. ತಲೆಬರಹ ಎಡಕ್ಕೆ ಹೋದ ಕೂಡಲೇ ಮರಿಯಣ್ಣನೂ ಮೇಘಶ್ರೀಯೂ ತಿದ್ದಿದ ಅರವತ್ತೊಂದು ಸಾಲುಗಳೂ ರುಜುವಿನ ಸಮೇತ ಚಿದಂಬರ ಬಿ.ಕಾಂ. ಅವರವಾದವು. ಮರಿಯಣ್ಣ ಜೇಬಿನ ಮೇಲೆ ಕೈಯಿಟ್ಟುಕೊಂಡ. ಒಳಗಿದ್ದ ಹಾಳೆಯಲ್ಲಿ ಯಾವುದು ಎಡ, ಯಾವುದು ಬಲ ಎಂದು ಸ್ಪಷ್ಟವಾಗಿ ಬರೆದಿತ್ತು. ತೆಗೆದು ಮುಂದೆ ಚಾಚಿದ.

“ಮೂಲ ಪ್ರತಿ ಇಲ್ಲೈತೆ, ನೋಡಿ ಸಾರ್.”

ಪರೀಕ್ಷಕರು ಹಾಳೆಯನ್ನು ಓದಿದರು. ಡೈರೆಕ್ಟರರ ಮುಖ ನೋಡಿದರು, ಗಡಿಯಾರ ನೋಡಿದರು. ಊಟ ಚಿದಂಬರ ಅವರ ಮನೆಯಲ್ಲೇ ಎಂದು ಬೆಳಿಗ್ಗೆಯೇ ಗೊತ್ತಾಗಿತ್ತು. ಹಾಳೆಯನ್ನು ಮಡಿಚಿ ಮರಿಯಣ್ಣನಿಗೆ ಹಿಂತಿರುಗಿಸಿದರು. “ಆಗೋದು ಆಯ್ತು. ಮಕ್ಕಳಿಗೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ. ನೀವು ಇನ್ಮೇಲೆ ಸ್ವಲ್ಪ ನಿಗಾ ಇಟ್ಟು ಕೆಲಸ ಮಾಡಿ,” ಎಂದರು.

ಅದೇ ವಾರ ಪ್ರೆಸ್ಸಿನಿಂದ ಇನ್ನೊಂದು ಚೀಟಿ ಹೊರಟಿತು. ತಪ್ಪು-ಒಪ್ಪು ಪಟ್ಟಿಯಲ್ಲಿ ‘ತಪ್ಪು’ ಎಂಬುದನ್ನು ‘ಒಪ್ಪು’ ಎಂದೂ ‘ಒಪ್ಪು’ ಎಂಬುದನ್ನು ‘ತಪ್ಪು’ ಎಂದೂ ಓದಿಕೊಳ್ಳಬೇಕು, ಪ್ರಮಾದಕ್ಕೆ ಅಕ್ಷರ ಜೋಡಿಸಿದವರು ವಿಷಾದಿಸುತ್ತಾರೆ, ಎಂದಿತ್ತು. ಅದನ್ನು ಜೋಡಿಸಿದವರು ಕರಿಬಸವಯ್ಯನವರೇ. ಮರಿಯಣ್ಣ ಆ ದಿನ ಕೆಲಸಕ್ಕೆ ಬರಲಿಲ್ಲ. ಚೀಟಿಯಲ್ಲಿ ‘ವಿಷಾದಿಸುತ್ತಾರೆ’ ಎಂಬುದು ‘ವಿಷ ಆದಿಸುತ್ತಾರೆ’ ಎಂದಾಗಿತ್ತು.

ಇಷ್ಟೆಲ್ಲ ಆದಮೇಲೂ ಪುಸ್ತಕ ಖರ್ಚಾಯಿತು. ಪಕ್ಕದ ತಾಲ್ಲೂಕಿನ ಎರಡು ವಿದ್ಯಾಕೇಂದ್ರದವರು ಕೇಳಿದರು. ‘ಲೇಖಕರೇ ಕೂಲಂಕಷವಾಗಿ ಪರಿಷ್ಕರಿಸಿದ’ ಎರಡನೇ ಮುದ್ರಣಕ್ಕೆ ಚಿದಂಬರ ಅವರು ಇಪ್ಪತ್ತು ಹೊಸ ಉದಾಹರಣೆ ಬರೆದು ತಂದರು. ಈ ಸಲ ಅವರ ದನಿ ರಸ್ತೆಗೆ ಕೇಳಲಿಲ್ಲ. ಕರಿಬಸವಯ್ಯನವರು ಊಟಕ್ಕೆ ಹೋದ ಸಮಯ ನೋಡಿ ಬಂದಿದ್ದರು.

“ಮರಿಯಣ್ಣ, ಇವನ್ನ ಒಂದ್ಸಲ ನೋಡ್ಬಿಡಿ. ನಿಮ್ಮ ಕಣ್ಣಿಗೆ ಏನಾದ್ರೂ ಬಿದ್ರೆ...”

“ಬಿದ್ರೆ?”

“ಸರಿ ಮಾಡಿ. ನಮ್ಮೊಳಗೆ ಇರ್ಲಿ.”

“ನಮ್ಮೊಳಗೆ ಬ್ಯಾಡ ಸಾರ್. ಮೇಘಶ್ರೀ ಮೇಡಂ ನೋಡ್ಬೇಕು, ನಾನೂ ನೋಡ್ಬೇಕು. ಇಬ್ರ ಹೆಸ್ರೂ ಪುಸ್ತಕದಲ್ಲಿ ಬರ್ಬೇಕು. ‘ತಿದ್ದಿದವರು’ ಅಂತ.”

ಚಿದಂಬರ ಅವರು ಅರ್ಧ ಗಂಟೆ ಚೌಕಾಶಿ ಮಾಡಿದರು. ‘ಸಹಕರಿಸಿದವರು’ ಎಂದು ಹಾಕೋಣ ಎಂದರು. ‘ಮುಂತಾದವರು’ ಎಂದು ಹಾಕಿದರೆ ಇನ್ನೂ ಚೆಂದ ಎಂದರು. ಮರಿಯಣ್ಣ ಹಾಳೆಗಳನ್ನು ಅವರ ಕಡೆಗೆ ತಳ್ಳಿದಾಗ, ಒಳಪುಟದ ತಳದಲ್ಲಿ, ಇರುವುದರಲ್ಲೇ ಸಣ್ಣ ಅಕ್ಷರದಲ್ಲಿ ಎಂಬ ಕರಾರಿನ ಮೇಲೆ ಒಪ್ಪಿದರು.

ಇಪ್ಪತ್ತು ಹೊಸ ಉದಾಹರಣೆಗಳಲ್ಲಿ ಹದಿನಾರು ಕೆಟ್ಟಿದ್ದವು. ಜಾವಗಲ್ಲಿನ ಕೋಣೆಯಲ್ಲಿ ಎರಡು ಭಾನುವಾರ ಕೂತು ಸರಿಮಾಡಿದರು. ಪುಸ್ತಕ ಬಂತು. ಹನುಮಕ್ಕ ಒಳಪುಟದ ತಳದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಕಷ್ಟಪಟ್ಟು ಓದಿ, “ಇರುವೆ ಬರ್ದಂಗೈತೆ,” ಎಂದಳು. ಆದರೂ ಬೆಳ್ಳಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಳು.

ಹತ್ತು ದಿನವಾಗಿತ್ತು. ಪ್ರೆಸ್ಸಿಗೆ ಮೇಘಶ್ರೀಯ ಫೋನ್ ಬಂತು. “ಮರಿಯಣ್ಣಾರೆ, ಎಪ್ಪತ್ಮೂರನೇ ಪುಟ ನಡೀತಿಲ್ಲ.”

ಅವನು ಪುಸ್ತಕ ತೆರೆದ. ಕೊನೆಯ ಗಳಿಗೆಯಲ್ಲಿ ಪುಟದ ಅಗಲ ಕಡಿಮೆ ಮಾಡಿದ್ದರು. ಉದ್ದದ ಸಾಲೊಂದು ಅಂಚಿಗೆ ಬಂದು ಪದದ ನಡುವೆ ಮುರಿದಿತ್ತು. ಮುರಿದ ಜಾಗದಲ್ಲಿ, ಇಪ್ಪತ್ತೇಳು ವರ್ಷದ ರೂಢಿಯಂತೆ, ಪದ ಮುಂದಿನ ಸಾಲಿಗೆ ಹೋಗಿದೆ ಎಂದು ತೋರಿಸುವ ಒಂದು ಪುಟ್ಟ ಅಡ್ಡಗೆರೆ ಕೂತಿತ್ತು. ಯಂತ್ರಕ್ಕೆ ಅದು ಕಳೆಯುವ ಗುರುತು. ಹಾಕಿದವನು ಬೇರೆ ಯಾರೂ ಅಲ್ಲ, ಅವನೇ.

ಆ ಕಡೆಯಿಂದ ಮೇಘಶ್ರೀ ನಗುತ್ತಿದ್ದುದು ಕೇಳಿಸುತ್ತಿತ್ತು. ಮರಿಯಣ್ಣನಿಗೆ ನಗು ಬರಲಿಲ್ಲ. “ಎಷ್ಟು ಜನ ಮಕ್ಳು ಬರ್ಕೊಂಡವ್ರೆ?” ಎಂದು ಕೇಳಿದ.

“ಹನ್ನೊಂದು ಜನ. ನಾನೇ ಹೇಳ್ತೀನಿ ಬಿಡಿ, ಒಂದು ಗೆರೆ ತಾನೆ.”

“ಬ್ಯಾಡ. ನಾನೇ ಬತ್ತೀನಿ,” ಎಂದು ಫೋನ್ ಇಟ್ಟ. ಕರಿಬಸವಯ್ಯನವರಿಗೆ ಅರ್ಧ ದಿನ ರಜೆ ಹೇಳಿ, ಪೆನ್ಸಿಲನ್ನೂ ರಬ್ಬರನ್ನೂ ಜೇಬಿಗೆ ಹಾಕಿಕೊಂಡು ಜಾವಗಲ್ ಬಸ್ಸಿಗೆ ಓಡಿದ.